ಮಗನ ಕಣ್ಣು ಮತ್ತು ಹಡಗಿನ ದೀಪಗಳು

ಮಗ ನೌಕಾ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾದ ಸುದ್ದಿಯನ್ನು ನಾನು ಪತ್ರಿಕಾ ಕಚೇರಿಯಲ್ಲಿ ಕೂತು ಎರಡು ಸಲ ಪರಿಶೀಲಿಸಿದೆ. ರೋಲ್ ನಂಬರ್ ಹೋಲಿಸಿದೆ, ಹುಟ್ಟಿದ ದಿನ ಹೋಲಿಸಿದೆ, ಆಮೇಲೆ ಅವನಿಗೆ ಫೋನ್ ಮಾಡಿದೆ.

"ಗೊತ್ತಮ್ಮ, ಬೆಳಿಗ್ಗೆನೇ ನೋಡ್ದೆ. ನೀನು ವೆರಿಫೈ ಮಾಡೋವರೆಗೂ ನ್ಯೂಸ್ ಅಲ್ವಲ್ಲ, ಸುಮ್ನಿದ್ದೆ," ಅಂದ.

ದೆಹಲಿಯಲ್ಲಿ ಬೆಳೆದವನಿಗೆ ಹಡಗಿನ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಜನ ಕೇಳುತ್ತಿದ್ದರು. ಎಂಟನೆಯ ತರಗತಿಯ ರಜೆಯಲ್ಲಿ ಕಾರವಾರಕ್ಕೆ ಹೋಗಿದ್ದೆವು. ಬಂದರಿನ ಹೊರಗೆ ಒಂದು ಸರಕು ಹಡಗು ಲಂಗರು ಹಾಕಿ ಕಾಯುತ್ತಿತ್ತು. ಮೂರು ದಿನ ಅದನ್ನೇ ನೋಡಿದ. ಅದಕ್ಕೆ ಸ್ವಲ್ಪವೂ ಅವಸರವಿಲ್ಲ ಎಂದು ನನಗೆ ತೋರಿಸಿದ, ಏನೋ ಕಂಡುಹಿಡಿದವನಂತೆ. ದ್ವಾರಕಾದ ನಮ್ಮ ಫ್ಲ್ಯಾಟಿನ ಮೇಲೆ ದಿನವಿಡೀ ವಿಮಾನಗಳು ಇಳಿಯುತ್ತವೆ; ಅವನು ತಲೆಯೆತ್ತಿ ನೋಡಿದ್ದಿಲ್ಲ. ಊಟದ ಹೊತ್ತಿಗೆ ಮೊಬೈಲಿನಲ್ಲಿ ಹಡಗುಗಳ ನಕ್ಷೆ ತೆರೆದಿರುತ್ತಿತ್ತು.

"ಅಜ್ಜ, ನಮ್ಮ ಕಾರವಾರದ್ದು ಇವತ್ತು ಕೊಲಂಬೊ ಪಾರ್ ಮಾಡ್ತು."

"ಅಚ್ಛಾ? ನಮ್ಮ ಬಸ್ಸು ಇವತ್ತು ಸೆಕ್ಟರೇ ದಾಟ್ಲಿಲ್ಲ ನೋಡು," ಎನ್ನುತ್ತಿದ್ದರು ನನ್ನ ಅಪ್ಪ. ಅವರು ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದವರು. ಲೋಧಿ ಕಾಲೋನಿಯ ಕ್ವಾರ್ಟರ್ಸ್ ಬಿಟ್ಟ ಮೇಲೆ ನಮ್ಮೊಂದಿಗೇ ಇದ್ದಾರೆ.

ಕೌನ್ಸೆಲಿಂಗ್‌ನಲ್ಲಿ ಅವನಿಗೆ ಸೀಟು ಸಿಕ್ಕಿತು. ಉಳಿದದ್ದು ವೈದ್ಯಕೀಯ ಪ್ರಮಾಣಪತ್ರ. ನನ್ನ ವಾರದ ರಜೆಯ ದಿನ ವಸಂತ್ ಕುಂಜ್‌ನಲ್ಲಿ, ಹಡಗಿನವರನ್ನು ಪರೀಕ್ಷಿಸಲು ಅಧಿಕಾರವಿದ್ದ ವೈದ್ಯೆಯೊಬ್ಬರ ಬಳಿ ಹೋದೆವು. ಎತ್ತರ, ತೂಕ, ಕಿವಿ, ಹೃದಯ ಎಲ್ಲ ಸರಿ ಇತ್ತು. ಕೊನೆಗೆ ಅವರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದರು. ಚುಕ್ಕಿಗಳ ನಡುವೆ ಅಡಗಿರುವ ಅಂಕಿಯನ್ನು ಓದಬೇಕು. ಮೊದಲ ಪುಟವನ್ನು ಓದಿದ. ಎರಡನೆಯದರಲ್ಲಿ ತಡವರಿಸಿದ.

"ಇದರಲ್ಲಿ ನಂಬರ್ ಇದೆಯಾ ಮ್ಯಾಮ್?" ಎಂದು ಹಿಂದಿಯಲ್ಲಿ ಕೇಳಿದ.

ನಾನು ಅವನ ಹಿಂದೆಯೇ ಕೂತಿದ್ದೆ. ಅಂಕಿ ನನಗೆ ಎದ್ದು ಕಾಣುತ್ತಿತ್ತು. ವೈದ್ಯೆ ಒಂದೊಂದೇ ಪುಟ ತಿರುವಿದರು. ಆಮೇಲಾಮೇಲೆ ಅವನು ಊಹಿಸಿ ಹೇಳತೊಡಗಿದ. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು, ಹೋಗಲಿಲ್ಲ.

"ಕೆಂಪು ಹಸಿರು ಬೇರೆ ಮಾಡೋಕಾಗ್ತಿಲ್ಲ. ಹುಟ್ಟಿನಿಂದ ಬಂದಿದ್ದು, ಚಿಕಿತ್ಸೆ ಇಲ್ಲ. ಡೆಕ್ ಕೆಲಸಕ್ಕಾಗ್ಲಿ, ಎಂಜಿನ್ ಕೆಲಸಕ್ಕಾಗ್ಲಿ, ನಾನು ಸೈನ್ ಮಾಡೋಕಾಗಲ್ಲ," ಎಂದರು ವೈದ್ಯೆ. ನನ್ನ ವೃತ್ತಿಯೇ ಪ್ರಶ್ನೆ ಕೇಳುವುದು. ಕೇಳಿದೆ: ಕನ್ನಡಕ? ಶಸ್ತ್ರಕ್ರಿಯೆ? ಮೇಲ್ಮನವಿ? ಮೂರಕ್ಕೂ ಅವರು ತಾಳ್ಮೆಯಿಂದ ಇಲ್ಲ ಎಂದರು. ಇನ್ನೊಂದು ಕಡೆ ತೋರಿಸಿ ಎಂದೂ ಅವರೇ ಸೂಚಿಸಿದರು. ಮರುವಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಣ್ಣ ದೀಪಗಳನ್ನು ತೋರಿಸಿ ಬಣ್ಣ ಕೇಳಿದರು. ಅರ್ಧ ತೆರೆದ ಬಾಗಿಲಿನಾಚೆಯಿಂದ ಅವನ ದನಿ ಬರುತ್ತಿತ್ತು: "ಗ್ರೀನ್... ಸಾರಿ, ರೆಡ್... ವೈಟ್?" ಫಲಿತಾಂಶ ಬದಲಾಗಲಿಲ್ಲ.

ಹದಿನೇಳು ವರ್ಷ ನಮಗೇಕೆ ಗೊತ್ತಾಗಲಿಲ್ಲ ಎಂಬುದಕ್ಕೆ ಉತ್ತರ ಬರೆದಿಡಬೇಕು. ಐದು ವರ್ಷದವನಿದ್ದಾಗ ಅವನು ಹಸಿರನ್ನು ಕಂದು ಎನ್ನುತ್ತಿದ್ದ. ಮನೆಯಲ್ಲಿ ಕನ್ನಡ ಆಡುವುದರಿಂದ ಮಗುವಿನ ಹಿಂದಿ ಹಿಂದೆ ಬಿದ್ದಿದೆ ಎಂದರು ಶಾಲೆಯವರು. ಶಾಲೆಯ ಹಿಂದಿಯಿಂದ ಕನ್ನಡ ಕೆಟ್ಟಿತು ಎಂದೆವು ನಾವು. ಫ್ರಿಜ್ಜಿನ ಮೇಲೆ ಬಣ್ಣಗಳ ಪಟ್ಟಿ ಅಂಟಿಸಿ, ದಿನಾ ಸಂಜೆ ಕೂರಿಸಿ ಕಲಿಸಿದೆ. ಟೊಮೇಟೊ ಕೆಂಪು, ಎಲೆ ಹಸಿರು. ಅವನು ಚುರುಕು, ವಸ್ತುವಿನ ಜೊತೆ ಬಣ್ಣದ ಹೆಸರನ್ನೂ ಬಾಯಿಪಾಠ ಮಾಡಿದ. ಆರು ತಿಂಗಳಲ್ಲಿ ಅವನ ಕನ್ನಡ ಸುಧಾರಿಸಿತೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ.

ಅಪ್ಪನ ಕತೆಯೂ ಮನೆಯಲ್ಲೇ ಇತ್ತು. ಕಚೇರಿಯಲ್ಲಿ ತುರ್ತು ಕಡತಕ್ಕೆ ಕೆಂಪು ಚೀಟಿ, ಉಳಿದವಕ್ಕೆ ಹಸಿರು. ಅಪ್ಪನಿಗೆ ಎರಡೂ ಒಂದೇ. ಅದಕ್ಕೆ ಎಲ್ಲ ಕಡತವನ್ನೂ ತುರ್ತೆಂದೇ ಓದಿ, ದಕ್ಷ ಗುಮಾಸ್ತ ಎಂದು ಹೆಸರು ಪಡೆದರು. ಹಬ್ಬಕ್ಕೆ ನೆಂಟರು ಬಂದಾಗಲೆಲ್ಲ ಈ ಪ್ರಸಂಗ ಹೇಳಿ ನಗುತ್ತಿದ್ದೆವು. ಮೊಮ್ಮಗನೂ ನಗುತ್ತಿದ್ದ.

ಆಸ್ಪತ್ರೆಯಿಂದ ಬಂದ ದಿನ ಅಪ್ಪ ಕೇಳಿದರು, "ಇದು ನನ್ನಿಂದ ಬಂದಿದ್ದೇನೇ?"

"ನಿಮ್ಮಿಂದ ನನಗೆ, ನನ್ನಿಂದ ಅವನಿಗೆ. ಗಂಡುಮಕ್ಕಳಿಗೆ ಇದು ತಾಯಿ ಕಡೆಯಿಂದಲೇ ಬರೋದಂತೆ ಅಪ್ಪ."

"ನಿನ್ನ ಕಣ್ಣು ಸರಿಯಾಗೇ ಇದೆಯಲ್ಲ."

"ಇದೆ. ದಾಟಿಸೋ ಕೆಲಸ ಮಾತ್ರ ನಂದು."

ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

ನನ್ನ ಗಂಡನಿಗೆ ಯಾರೋ ಒಬ್ಬ ಏಜೆಂಟನ ಸುಳಿವು ಕೊಟ್ಟಿದ್ದರು. ಚುಕ್ಕಿಗಳ ಪುಸ್ತಕವನ್ನು ಬಾಯಿಪಾಠ ಮಾಡಿಸಿ, ತನಗೆ ಬೇಕಾದ ಡಾಕ್ಟರ ಹತ್ತಿರ ಕಳಿಸುತ್ತಾನಂತೆ. "ಇಲ್ಲಿ ಎಲ್ಲದಕ್ಕೂ ಒಂದು ಜುಗಾಡ್, ಒಂದು ಒಳದಾರಿ ಇರತ್ತೆ. ಒಂದ್ಸಲ ಮಾತಾಡೋಣ," ಎಂದರು. ಇಂಥ ಏಜೆಂಟರ ಬಗ್ಗೆ ಬಂದ ವರದಿಗಳನ್ನು ನಾನೇ ತಿದ್ದಿ ಅಚ್ಚಿಗೆ ಕಳಿಸಿದ್ದೇನೆ. ಆದರೂ ಅಂದು ಬೇಡ ಎನ್ನಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಬೇಡ ಎಂದವನು ಮಗ. "ಪಪ್ಪಾ, ಕತ್ತಲಲ್ಲಿ ಎದುರಿಗೆ ಬರೋ ಹಡಗು ಕಾಣಲ್ಲ, ದೀಪ ಅಷ್ಟೇ. ಅದರ ಎಡಗಡೆ ರೆಡ್, ಬಲಗಡೆ ಗ್ರೀನ್. ಅದು ಯಾವ ಕಡೆ ಹೋಗ್ತಿದೆ ಅಂತ ಅದರಿಂದಲೇ ಗೊತ್ತಾಗೋದು. ನಾನು ಏನಂತ ಬಾಯಿಪಾಠ ಮಾಡ್ಲಿ?"

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲ ಹೊರಗೆ ನಿಂತು ನನಗೆ ತಿಳಿದ ಇತರ ಕೋರ್ಸುಗಳ ಹೆಸರು ಹೇಳಿದೆ. ಮೂರನೆಯದಕ್ಕೆ ಒಳಗಿನಿಂದ, "ಅಮ್ಮ ಪ್ಲೀಸ್, ಇವತ್ತು ಬೇಡ," ಎಂದ. ನಿಲ್ಲಿಸಿದೆ.

ಪ್ರಮಾಣಪತ್ರ ಸಲ್ಲಿಸುವ ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಅಷ್ಟರಲ್ಲೇ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟ. ಈಗಲೇ ಸೀಟು ಬಿಟ್ಟರೆ ಕಾಯುವ ಪಟ್ಟಿಯಲ್ಲಿರುವ ಮುಂದಿನವನಿಗೆ ಟ್ರೇನ್ ಟಿಕೆಟ್ ಮಾಡಿಸಲು ಸಮಯ ಸಿಗುತ್ತದೆ ಎಂದ. ನಾಲ್ಕು ದಿನದಲ್ಲಿ ಏನೂ ಬದಲಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ, "ಗಡುವಿನ ತನಕ ಇಟ್ಕೊಳೋಣ," ಎಂದೆ.

"ಯಾಕೆ?"

ಪರದೆಯ ಮೇಲೆ ಕಾರಣ ಆರಿಸುವ ಪಟ್ಟಿಯಿತ್ತು. ಅವನು 'ವೈಯಕ್ತಿಕ' ಎಂಬುದನ್ನು ಒತ್ತಿದ. ಒಟಿಪಿ ನನ್ನ ಫೋನಿಗೆ ಬಂತು.

"ಹೇಳಮ್ಮ."

ಆರು ಅಂಕಿ ಓದಿ ಹೇಳಿದೆ. ಟೈಪ್ ಮಾಡಿದ. ತಪ್ಪೆಂದು ಬಂತು.

"ಆರಾಮಾಗಿ ಹೇಳು, ಟೈಮ್ ಇದೆ," ಎಂದ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ, ಒಂದೊಂದಾಗಿ ಓದಿದೆ.