ಗಾಡಿಮನೆಗೆ ಕರೆಂಟು ಕೊಟ್ಟ ದಿನ

ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಲೆಂದು ನಾನೂ ನನ್ನ ಹೆಂಡತಿಯೂ ಒಂದು ಪುಟ್ಟ ಗಾಡಿಮನೆ ಮಾಡಿಸಿದ್ದೆವು. ಅವಳು ತೀರಿಕೊಂಡ ಮೇಲೆ ಎರಡು ವರ್ಷ ಅದು ದಾವಣಗೆರೆಯ ನಮ್ಮ ಮನೆ ಮುಂದೆ ಸುಮ್ಮನೆ ನಿಂತಿತ್ತು. ಕೊನೆಗೆ ಒಬ್ಬನೇ ಹರಿಹರಕ್ಕೆ ಹೋಗಿ, ಗೆಳೆಯನ ಅಂಗಳದಲ್ಲಿ ಅದನ್ನು ನಿಲ್ಲಿಸಿ, ಅವನ ಮನೆಯಿಂದ ವೈರ್ ಎಳೆದೆ. ಪ್ಲಗ್ ಹಾಕಿದ್ದೇ ತಡ, ಟ್ರಿಪ್ ಸ್ವಿಚ್ ಬಿದ್ದು ಇಡೀ ಮನೆಯ ಕರೆಂಟು ಹೋಯಿತು.

ಯಾವುದು ಕೆಟ್ಟಿದೆ ಎಂದು ತಿಳಿಯಲು ಗಾಡಿಯೊಳಗಿನ ಪ್ಲಗ್‌ಗಳನ್ನೆಲ್ಲ ಕಿತ್ತು, ಒಂದೊಂದನ್ನೇ ಹಾಕಿ ನೋಡಬೇಕಿತ್ತು. ಮೊದಲೆಲ್ಲ ನಾನು ಒಳಗಿದ್ದರೆ ಅವಳು ಮೀಟರ್ ಬೋರ್ಡಿನ ಹತ್ತಿರ ನಿಲ್ಲುತ್ತಿದ್ದಳು. ಈಗ ನಾನೇ ಎರಡೂ ಕಡೆ ಓಡಾಡುತ್ತಿದ್ದೆ. ಅದನ್ನು ಕಂಡು ಗೆಳೆಯನ ಹೆಂಡತಿ ಹೊರಬಂದರು.

"ನೀವ್ ಒಳಗಿರ್ರಿ ಅಣ್ಣಾರ, ಸ್ವಿಚ್ ನಾ ನೋಡ್ಕೊಂತೀನಿ."

ಫ್ಯಾನು, ಫ್ರಿಜ್ಜು ಸರಿಯಾಗಿದ್ದವು. ಗೀಸರಿನ ಪ್ಲಗ್ ಹಾಕಿದ ಕೂಡಲೇ, "ಬಿತ್ ನೋಡ್ರಿ," ಎಂದು ಅವರು ಕೂಗಿ ಹೇಳಿದರು. ನನ್ನ ಕೆಲಸಕ್ಕೆ ಇನ್ನೊಂದು ದನಿ ಜೊತೆಯಾಗಿ ಬಹಳ ದಿನವಾಗಿತ್ತು. ಕಿತ್ತ ಪ್ಲಗ್ ಕೈಯಲ್ಲಿ ಹಿಡಿದೇ ಗಾಡಿಯ ಬಾಗಿಲಿಗೆ ಬಂದು ನಿಂತೆ.

"ಯಾಕ್ರಿ, ಶಾಕ್ ಹೊಡೀತಾ?"

"ಇಲ್ಲಮ್ಮ. ಗೀಸರ್ ಕೆಟ್ಟೈತೆ."

ಅದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಹಾಕಿದೆ. ಮರುದಿನ ಅವರು ಕಾಯಿಸಿಕೊಟ್ಟ ನೀರಿನಲ್ಲಿ ಸ್ನಾನ ಮಾಡಿ, ಮುಂದೆ ಯಾವ ಊರಿಗೆ ಹೋಗಬೇಕೆಂದು ತೋಚದೆ ಗಾಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ.