ಎರಡು ಆಷಾಢ, ನಾಲ್ಕು ಟೈರು

ಸೇಲಂನ ಒಂದು ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತಾರು ವರ್ಷದಿಂದ ಘರ್ಷಣೆಯ ಪಾಠ ಹೇಳುತ್ತಿದ್ದೇನೆ. ಚಕ್ರ ನೆಲವನ್ನು ಹೇಗೆ ಹಿಡಿಯುತ್ತದೆ, ಯಾವಾಗ ಕೈಬಿಡುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಬೆರಳು ಸವೆದಿದೆ. ಅಂಥ ಮೇಷ್ಟ್ರು ತನ್ನ ಸ್ವಂತ ಗಾಡಿಗೆ ನಾಲ್ಕು ಟೈರು ಆರಿಸಲು ಮೂರು ತಿಂಗಳು ತೆಗೆದುಕೊಂಡ. ಆ ಹೊತ್ತಿನಲ್ಲೇ ಅಕ್ಕನ ಒಂದು ಕಣ್ಣಿನ ಅಳಿವು ಉಳಿವು ತೀರ್ಮಾನವಾಗುತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೇನೆ. ಅದು ಪೂರ್ತಿ ನಿಜವಲ್ಲ.

ಅಕ್ಕನನ್ನು ಕೊಟ್ಟಿರುವುದು ಧರ್ಮಪುರಿ ಜಿಲ್ಲೆಯ ಅಂಚಿಗೆ. ತೊಪ್ಪೂರಿನಲ್ಲಿ ಹೆದ್ದಾರಿ ಬಿಟ್ಟು ಮೇಚೇರಿ ಕಡೆ ಒಂದಿಷ್ಟು ದೂರ ಹೋಗಿ ಗುಡ್ಡದ ಬುಡಕ್ಕೆ ತಿರುಗಿದರೆ ಅಲ್ಲಿಂದ ನಾಲ್ಕು ಕಿಲೋಮೀಟರು ಕಲ್ಲುದಾರಿ. ಪ್ರತಿ ಚುನಾವಣೆಗೂ ಟೇಪು ಹಿಡಿದುಕೊಂಡು ಬಂದು ಅಳೆಯುತ್ತಾರೆ. ಅಳೆದದ್ದಕ್ಕೇ ಅಷ್ಟು ಸವೆದಿದೆ ಎಂದು ಭಾವ ನಗುತ್ತಾರೆ. ದಾರಿಯ ಕೊನೆಗೆ ಹೊಲದಲ್ಲೇ ಅವರ ಮನೆ. ರಾಗಿ ಬಿತ್ತುತ್ತಾರೆ, ಕುರಿ ಸಾಕಿ ಮೇಚೇರಿ ಸಂತೆಯಲ್ಲಿ ಮಾರುತ್ತಾರೆ. ಎರಡು ವರ್ಷದಿಂದ ಅಕ್ಕನ ಮಂಡಿ ಊದಿಕೊಂಡು ಬೈಕಿನ ಹಿಂದೆ ಕಾಲು ಮಡಚಿ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಅವಳು ಊರು ಬಿಟ್ಟು ಹೊರಗೆ ಬರುವುದೇ ನಿಂತುಹೋಗಿತ್ತು. ನನ್ನ ಮಕ್ಕಳು ಅವಳ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ನಾನು ಬಾಯಿತುಂಬ ಕನ್ನಡ ಆಡುವುದು ಅವಳ ಹತ್ತಿರ ಮಾತ್ರ.

ಏಪ್ರಿಲ್ ಕೊನೆಗೆ, ತಮಿಳರ ಚಿತ್ತಿರೈ ತಿಂಗಳಲ್ಲಿ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಎತ್ತರದ ಗಾಡಿ ತೆಗೆದುಕೊಂಡೆ. ನಮಗೇಕೆ ಇಷ್ಟು ದೊಡ್ಡದು ಎಂದು ಹೆಂಡತಿ ಕೇಳಿದಳು. ಅಕ್ಕನ ಮನೆ ದಾರಿಗೆ ಬೇಕು ಎಂದೆ. ಕಾಲೇಜಿನಲ್ಲೂ ಅದನ್ನೇ ಹೇಳಿದೆ. ಅಕ್ಕನಿಗೆ ಫೋನು ಮಾಡಿ, ಇನ್ನು ಮೇಲೆ ತೌರಿನ ಗಾಡಿ ನಿನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂದೆ. ಅವಳು ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಳಂತೆ.

ಮೊದಲ ಸಲ ಹೋದಾಗ ಬಾಗಿಲ ತನಕ ಹೋಗಲೇ ಇಲ್ಲ. ದಾರಿಯ ಎರಡು ಕಡೆಯಿಂದಲೂ ಸೀಮೆಜಾಲಿ ಬಾಗಿಕೊಂಡಿತ್ತು. ಹೊಸ ಬಣ್ಣಕ್ಕೆ ಮುಳ್ಳು ಗೀರಿದ ಸದ್ದು ಕೇಳಿ ಜೀವ ಹೋದಂತಾಯಿತು. ಬಲಗಡೆಯ ಮುಳ್ಳು ತಪ್ಪಿಸಲು ಎಡಕ್ಕೆ ಎಳೆದೆ. ಅಂಚಿನಲ್ಲಿ ನಿಂತಿದ್ದ ಚಪ್ಪಡಿ ಕಲ್ಲಿನ ಚೂಪು ಟೈರಿನ ಪಕ್ಕೆಯನ್ನು ಕೊಯ್ದುಹಾಕಿತು. ಪಕ್ಕೆ ಹರಿದ ಟೈರಿಗೆ ಪಂಕ್ಚರ್ ಹಾಕಲು ಬರುವುದಿಲ್ಲ, ಅದು ತಿಪ್ಪೆಗೆ. ಭಾವ ನಡೆದುಕೊಂಡು ಬಂದು ಸ್ಟೆಪ್ನಿ ಹಾಕಲು ಕೈಜೋಡಿಸಿದರು. ನಟ್ಟು ಬಿಗಿಯುತ್ತಾ, ತಮ್ಮ ಪಾಡಿಗೆ ಎಂಬಂತೆ ಒಂದು ಮಾತು ಹೇಳಿದರು:

"ದಾರಿ ನಡೂಗೆ ಬಂದಿದ್ರೆ ಏನೂ ಆಗ್ತಿರ್ಲಿಲ್ಲ. ಮುಳ್ಳು ಗೀರಿದ್ರೆ ಬಣ್ಣ ತಾನೆ ಓಗೋದು."

ಆ ಮಾತು ನನಗೆ ಹಿಡಿಸಲಿಲ್ಲ. ಘರ್ಷಣೆಯ ಪಾಠ ಹೇಳುವವನಿಗೆ ಕುರಿ ಮೇಯಿಸುವವರು ಗಾಡಿ ಓಡಿಸುವುದನ್ನು ಹೇಳಿಕೊಡುವುದೇ ಎಂದುಕೊಂಡೆ. ತಪ್ಪು ಟೈರಿನದು, ಇವು ನುಣುಪು ರಸ್ತೆಯ ಟೈರು, ಬದಲಾಯಿಸಿಕೊಂಡೇ ಬರುತ್ತೇನೆ ಎಂದು ಗಾಡಿ ತಿರುಗಿಸಿದೆ. ಅಕ್ಕ ಮುದ್ದೆ ಕಟ್ಟಿ ಕೋಳಿಸಾರು ಮಾಡಿ ಬಾಗಿಲಲ್ಲಿ ನಿಂತಿದ್ದಳಂತೆ. ಭಾವ ಮತ್ತೆ ಮನೆಗೆ ಹೋಗಿ ಸಾರನ್ನು ಡಬ್ಬಿಯಲ್ಲಿ ತಂದುಕೊಟ್ಟರು.

ಅಲ್ಲಿಂದ ಶುರುವಾಯಿತು ನನ್ನ ಟೈರು ಪಾರಾಯಣ. ಹೆದ್ದಾರಿಯ ಟೈರು ಒಂದು ಜಾತಿ, ಮೆದು, ಸದ್ದಿಲ್ಲ. ಕೆಸರಿನ ಟೈರು ಇನ್ನೊಂದು ಜಾತಿ, ಅದರ ಹಲ್ಲು ನೋಡಿದರೆ ಟ್ರ್ಯಾಕ್ಟರು ನೆನಪಾಗುತ್ತದೆ, ಡಾಂಬರಿನ ಮೇಲೆ ಹೋದರೆ ಕಿವಿ ಕಿತ್ತುಹೋಗುತ್ತದೆ. ಎರಡರ ನಡುವಿನದು ಆಲ್ ಟೆರೇನ್, ಅಲ್ಲಿಗೂ ಸೈ ಇಲ್ಲಿಗೂ ಸೈ. ಅದರಲ್ಲಿ ಮತ್ತೆ ಪಕ್ಕೆಗೆ ಎರಡು ಪದರವೋ ಮೂರು ಪದರವೋ, ಅಗಲ ಕಂಪನಿ ಕೊಟ್ಟಷ್ಟೇ ಸಾಕೋ ಒಂದು ಅಳತೆ ಜಾಸ್ತಿ ಬೇಕೋ, ತೂಕ ಹೆಚ್ಚಾದರೆ ಡೀಸೆಲ್ ಎಷ್ಟು ಕುಡಿಯುತ್ತದೆ. ದಿನಕ್ಕೆರಡು ಗಂಟೆ ಮೊಬೈಲಿನಲ್ಲಿ ವೀಡಿಯೊ ನೋಡಿದೆ. ಮರಳುಗಾಡಿನಲ್ಲಿ, ಬಂಡೆಯ ಮೇಲೆ, ಹೊಳೆಯೊಳಗೆ ಗಾಡಿ ಓಡಿಸುವವರು ನನಗೆ ಅಕ್ಕನ ಮನೆಗೆ ಹೋಗುವುದನ್ನು ಕಲಿಸುತ್ತಿದ್ದರು. ಟೈರಂಗಡಿಯ ಮಾಲೀಕ ಒಂದು ಟೈರಿನ ಪಕ್ಕೆಯ ಮೇಲಿದ್ದ ಗುಡ್ಡ ಮತ್ತು ಹಿಮದ ಗುರುತು ತೋರಿಸಿ, ಹಿಮದಲ್ಲೂ ಜಾರುವುದಿಲ್ಲ ಸಾರ್ ಎಂದು ತಮಿಳಿನಲ್ಲಿ ಹೇಳಿದ. ಸೇಲಂನ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಾನು ಆ ಗುರುತನ್ನು ಬೆರಳಿನಿಂದ ಸವರಿ ತಲೆಯಾಡಿಸಿದೆ. ನಾಚಿಕೆ ಎಂಬುದು ಆಗ ಎಲ್ಲಿ ಹೋಗಿತ್ತೋ.

ಕೊನೆಗೂ ಇಂಥದ್ದೇ ಎಂದು ತೀರ್ಮಾನ ಮಾಡಿದ ದಿನ ಸಂಜೆ ಅಕ್ಕ ಫೋನು ಮಾಡಿದಳು. ಕುರಿ, ಮಳೆ, ಮಂಡಿ ಎಲ್ಲ ಆದ ಮೇಲೆ, ಇಡುವ ಮುಂಚೆ, ಸುಮ್ಮನೆ ಎಂಬಂತೆ ಹೇಳಿದಳು:

"ಎಡಗಣ್ಣಲ್ಲಿ ಮೂಲೆಯಿಂದ ಒಂದು ನೆರಳು ಬಂದಂಗೈತೆ ಕಣಲಾ. ಸೀರೆ ಸೆರಗು ಅಡ್ಡ ಬಿದ್ದಂಗೆ."

ಪೊರೆ ಇರಬೇಕು, ಅಮ್ಮನಿಗೂ ಬಂದಿತ್ತಲ್ಲ ಎಂದೆ. ಅಮ್ಮನಿಗೆ ಕಣ್ಣೆಲ್ಲ ಮಂಜಾಗಿತ್ತೇ ಹೊರತು ಮೂಲೆಯಿಂದ ನೆರಳು ಬಂದಿರಲಿಲ್ಲ. ಅದು ನನಗೆ ಆಗಲೇ ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದೆ. ನಿಮ್ ಬಾವ ಆಲಿನ ಗಾಡೀಲಿ ಸೇಲಂಗೆ ಕರ್ಕೊಂಡು ಓಗ್ತೀನಿ ಅಂತಾರೆ ಎಂದಳು. ಹಾಲಿನ ಸೊಸೈಟಿಯ ವ್ಯಾನು ದಿನಾ ಬೆಳಿಗ್ಗೆ ಅವರ ಹಟ್ಟಿಗೆ ಬಂದು ಕ್ಯಾನು ತುಂಬಿಕೊಂಡು ಹೋಗುತ್ತದೆ. ನಾನು ಬೇಡವೇ ಬೇಡ ಎಂದೆ. ಆ ಮಂಡಿ ಇಟ್ಟುಕೊಂಡು ಕ್ಯಾನುಗಳ ನಡುವೆ ಕೂತು ಬರುತ್ತೀಯಾ, ಹೊಸ ಟೈರು ಹಾಕಿಸಿ ನಾನೇ ಬರುತ್ತೇನೆ, ಅಲ್ಲಿಯವರೆಗೆ ಯಾವ ಗಾಡಿಯನ್ನೂ ಹತ್ತಬೇಡ ಎಂದೆ. ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ ಕಣ್ಣಿನ ಮಾತನ್ನೇ ಬಿಟ್ಟಳು. ತೌರಿನವರು ಕರೆಯಲು ಬರುತ್ತೇವೆ ಎಂದ ಮೇಲೆ ನಮ್ಮ ಹೆಣ್ಣುಮಕ್ಕಳು ಇನ್ನೊಬ್ಬರ ಗಾಡಿ ಹತ್ತುವುದಿಲ್ಲ.

ಮರುದಿನ ಅಂಗಡಿಗೆ ಹೋದೆ. ನಾನು ಆರಿಸಿದ ಟೈರು, ಅದೇ ಅಳತೆ, ಮೂರು ಪದರದ ಪಕ್ಕೆ, ನಾಲ್ಕೂ ಗೋಡೌನಿನಲ್ಲಿದ್ದವು. ಒಂದು ಗಂಟೆಯಲ್ಲಿ ಹಾಕಿ ಕಳಿಸುತ್ತೇನೆ ಎಂದ ಮಾಲೀಕ. ಅಲ್ಲೇ ಹಾಕಿಸಿಕೊಂಡು ಅಂದೇ ಅಕ್ಕನ ಮನೆ ಕಡೆ ಗಾಡಿ ತಿರುಗಿಸಿದೆ ಎಂದು ಬರೆಯುವ ಆಸೆ. ಆದರೆ ಆ ಟೈರಿನ ಪಕ್ಕೆಯ ಮೇಲೆ ಕಂಪನಿ ಹೆಸರಿನ ಅಕ್ಷರಗಳು ಕಪ್ಪಾಗಿದ್ದವು. ನಾನು ವೀಡಿಯೊದಲ್ಲಿ ನೋಡಿದ್ದು ಬಿಳಿ ಅಕ್ಷರದ್ದು. ಬಿಳಿಯದು ಬೇಕಿದ್ದರೆ ಕೊಯಮತ್ತೂರಿನಿಂದ ಬರಬೇಕು, ಹತ್ತು ದಿನ ಆಗುತ್ತದೆ, ರಬ್ಬರು ಎರಡರದೂ ಒಂದೇ ಸಾರ್ ಎಂದು ಅವನೇ ಪ್ರಾಮಾಣಿಕವಾಗಿ ಹೇಳಿದ. ಬಿಳಿಯದೇ ತರಿಸಿ ಎಂದೆ. ಇದನ್ನು ಈವರೆಗೆ ಅಕ್ಕನಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ಹತ್ತು ದಿನಕ್ಕೆ ಟೈರು ಬಂದವು. ಅಷ್ಟರಲ್ಲಿ ಆಷಾಢ ಬಂದಿತ್ತು.

ಇಲ್ಲಿ ನಮ್ಮ ಮಂದಿಯ ಒಂದು ವಿಶೇಷ ಹೇಳಬೇಕು. ಕರ್ನಾಟಕದವರಿಗೆ ಆಷಾಢ ಒಂದೇ. ಅಮಾವಾಸ್ಯೆಗೆ ಹಿಡಿದು ಅಮಾವಾಸ್ಯೆಗೆ ಬಿಡುತ್ತದೆ. ತಮಿಳರಿಗೆ ಆಡಿ ತಿಂಗಳು ಒಂದೇ. ಅದು ಸೂರ್ಯನ ಲೆಕ್ಕ, ಸ್ವಲ್ಪ ತಡವಾಗಿ ಬಂದು ತಡವಾಗಿ ಹೋಗುತ್ತದೆ. ಸೇಲಂ ಧರ್ಮಪುರಿಯ ಕನ್ನಡದವರು ನಾವು ಯಾರ ಮನಸ್ಸನ್ನೂ ನೋಯಿಸುವವರಲ್ಲ. ನಮ್ಮ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ತೂಗುತ್ತವೆ, ಎರಡನ್ನೂ ಪಾಲಿಸುತ್ತೇವೆ. ಹಬ್ಬವನ್ನು ಎರಡು ಸಲ ಮಾಡುವಷ್ಟು ಉತ್ಸಾಹ ಇಲ್ಲದಿದ್ದರೂ ಅಶುಭವನ್ನು ಮಾತ್ರ ಎರಡು ಸಲ ತಪ್ಪದೆ ಆಚರಿಸುತ್ತೇವೆ. ಒಂದರ ಬಾಲಕ್ಕೆ ಇನ್ನೊಂದು ಸೇರಿ ಏಳು ವಾರ. ಆ ಏಳು ವಾರ ಹೊಸ ಬಟ್ಟೆಯಿಲ್ಲ, ಹೊಸ ಗಾಡಿಯಿಲ್ಲ, ಗಾಡಿಗೆ ಹೊಸ ಚಕ್ರವೂ ಇಲ್ಲ. ಹೊಸ ಟೈರು ಹಾಕಿಸಿದರೆ ಅದರಡಿ ನಿಂಬೆಹಣ್ಣು ಇಟ್ಟು ಹತ್ತಿಸಬೇಕು, ಆಷಾಢದಲ್ಲಿ ನಿಂಬೆಹಣ್ಣು ಇಡುವಂತಿಲ್ಲ ಎಂದು ಹೆಂಡತಿ ನೆನಪಿಸಿದಳು.

ತರಗತಿಯಲ್ಲಿ ಇಂಥವುಗಳನ್ನು ಗೇಲಿ ಮಾಡುವವನು ನಾನು. ಈ ಸಲ ಒಪ್ಪಿಕೊಂಡೆ. ಹೊಸ ಬಿಳಿ ಅಕ್ಷರಗಳು ಯಾವ ಕಂಟಕವೂ ಇಲ್ಲದೆ ರಸ್ತೆಗೆ ಇಳಿಯಲಿ ಎಂಬ ಆಸೆ ಒಳಗೆ ಇತ್ತು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳೂ ಅದೇ ಎರಡು ಕ್ಯಾಲೆಂಡರಿನ ಮನೆಯವಳು. "ಓಗ್ಲಿ ಬಿಡು, ಆಡಿನೂ ಮುಗೀಲಿ" ಎಂದಳು. ಕಣ್ಣು ಹೇಗಿದೆ ಎಂದು ಕೇಳಿದೆ. "ಪರವಾಯಿಲ್ಲೆ" ಎಂದಳು. ಕನ್ನಡದಲ್ಲಿ ಮಾತಾಡುತ್ತಿದ್ದವಳು ಅದೊಂದನ್ನು ತಮಿಳಿನಲ್ಲಿ ಹೇಳಿದಳು. ಏನೂ ಕೇಳಬೇಡ ಎನ್ನುವಾಗ ನಾವೆಲ್ಲ ಹಾಗೆಯೇ ಹೇಳುವುದು. ಅದೂ ನನಗೆ ಗೊತ್ತಿತ್ತು.

ಆಡಿಯ ಎರಡನೇ ವಾರ ಭಾವನ ಫೋನು ಬಂತು. ಸೇಲಂನ ಕಣ್ಣಾಸ್ಪತ್ರೆಯಲ್ಲಿದ್ದೇವೆ ಎಂದರು. ಬೆಳಿಗ್ಗೆ ಅಕ್ಕ ಕುರಿಗೆ ನೀರು ತುಂಬಲು ಹೋಗಿ ಎಡಗಡೆಯಿದ್ದ ಕಲ್ಲುತೊಟ್ಟಿ ಕಾಣದೆ ಅದರ ಮೇಲೆಯೇ ಬಿದ್ದಿದ್ದಳು. ಇನ್ನು ಅವಳ ಮಾತು ಕೇಳುವುದಿಲ್ಲವೆಂದು ಭಾವ ಹಾಲಿನ ವ್ಯಾನು ಹತ್ತಿಸಿಕೊಂಡು ಬಂದಿದ್ದರು. ನನ್ನ ಮನೆಯಿಂದ ಆ ಆಸ್ಪತ್ರೆ ಹತ್ತು ನಿಮಿಷ. ಹಳೆಯ ಟೈರಿನಲ್ಲೇ ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಇದು ಪೊರೆಯಲ್ಲ, ಕಣ್ಣಿನ ಹಿಂದಿನ ಪರದೆ ಕಳಚಿ ಬಂದಿದೆ ಎಂದರು. ನೆರಳು ಯಾವಾಗ ಶುರುವಾಯಿತು ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನೇ ಹೇಳಿದೆ. ಆ ಮೊದಲ ವಾರವೇ ಬಂದಿದ್ದರೆ ಅಂಟಿಸಿ ಉಳಿಸುವ ಅವಕಾಶ ಚೆನ್ನಾಗಿತ್ತು, ಈಗ ಆಪರೇಷನ್ ಮಾಡಿದರೂ ನೋಟ ಬರುವ ಭರವಸೆ ಕೊಡಲಾರೆ ಎಂದರು. ಏಕೆ ತಡ ಮಾಡಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು, ಬೈಸಿಕೊಂಡಾದರೂ ಹಗುರಾಗುತ್ತಿದ್ದೆ. ಆಪರೇಷನ್ ಆಯಿತು. ನೋಟ ಬರಲಿಲ್ಲ.

ಭಾವ ಫೋನು ಮಾಡಿದ ಆ ದಿನ ಆಸ್ಪತ್ರೆಯ ಹೊರಗೆ ಹಾಲಿನ ವ್ಯಾನು ಇನ್ನೂ ನಿಂತಿತ್ತು. ಡ್ರೈವರು ಭಾವನನ್ನು ವಾಪಸು ಕರೆದುಕೊಂಡು ಹೋಗಲು ಕಾಯುತ್ತಿದ್ದ. ಅಭ್ಯಾಸಬಲ, ನನ್ನ ಕಣ್ಣು ಮೊದಲು ಹೋದದ್ದು ಅದರ ಚಕ್ರಕ್ಕೆ. ನಾಲ್ಕೂ ಟೈರು ಬೋಳು. ಒಂದರಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಇದರಲ್ಲಿ ಆ ದಾರಿಯಲ್ಲಿ ಹೇಗೆ ಹೋಗುತ್ತೀರಿ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗಾಳಿ ಸ್ವಲ್ಪ ಇಳಿಸಿಕೊಳ್ಳುತ್ತೇನೆ, ನಡುವೆ ಹಿಡಿದು ನಿಧಾನವಾಗಿ ಹೋಗುತ್ತೇನೆ, ದಿನಾ ಹೋಗುವ ದಾರಿ ತಾನೆ ಸಾರ್ ಎಂದ. ಗಾಳಿ ಇಳಿಸಿದರೆ ಚಕ್ರ ಹರಡಿಕೊಂಡು ನೆಲ ಹಿಡಿಯುತ್ತದೆ. ಎರಡನೇ ವರ್ಷದ ಹುಡುಗರಿಗೆ ನಾನೇ ಅದನ್ನು ಬರೆಸುತ್ತೇನೆ.

ಮರುದಿನವೇ ಹೊಸ ಟೈರು ಹಾಕಿಸಿದೆ. ಆಡಿ ಮುಗಿಯಲು ಇನ್ನೂ ಎರಡು ವಾರವಿತ್ತು. ಹೆಂಡತಿ ನಿಂಬೆಹಣ್ಣು ಕೊಡಲಿಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಅಂಗಡಿಯವನು ಬಿಳಿ ಅಕ್ಷರ ಕೊಳೆಯಾಗದಂತೆ ಬಳಿದಿದ್ದ ನೀಲಿ ಮೇಣ ಒರೆಸುತ್ತಾ, ಎಷ್ಟು ಚೆನ್ನಾಗಿದೆ ನೋಡಿ ಎಂದ. ನೋಡಲಿಲ್ಲ.

ಆಡಿ ಮುಗಿದು ಬರುವ ಆವಣಿ ತಿಂಗಳಲ್ಲಿ ಅಕ್ಕನನ್ನು ಮರುತಪಾಸಣೆಗೆ ಕರೆತರಬೇಕಿತ್ತು. ಹೋದೆ. ದಾರಿಯ ನಡುವೆ ಹಿಡಿದು ನಿಧಾನವಾಗಿ ಹೋದೆ. ಮುಳ್ಳು ಎರಡು ಕಡೆಯೂ ಉದ್ದಕ್ಕೆ ಗೀರಿತು, ಗೀರಲಿ ಎಂದು ಬಿಟ್ಟೆ. ಚಪ್ಪಡಿ ಕಲ್ಲಿನ ಹತ್ತಿರ ಚಕ್ರ ಹೋಗಲೇ ಇಲ್ಲ. ಹಳೆಯ ಟೈರೂ ಹೀಗೆಯೇ ಬರುತ್ತಿತ್ತು ಎಂಬುದು ಒಂದು ಕಿಲೋಮೀಟರು ಮುಗಿಯುವ ಮೊದಲೇ ಖಚಿತವಾಯಿತು. ಗಾಡಿ ಬಾಗಿಲಿಗೇ ಹೋಗಿ ನಿಂತಿತು. ಅಕ್ಕ ಹೊಸ ಸೀರೆ ಉಟ್ಟು ಕಾಯುತ್ತಿದ್ದಳು. ಪಕ್ಕದ ಹೊಲದ ಹೆಂಗಸರು ನೋಡಲು ಬಂದಿದ್ದರು. ಅವರಿಗೆ ಕೇಳುವಂತೆ, ನನ್ನ ತಮ್ಮ ಬಂದವ್ನೆ ಎಂದಳು. ಅವಳ ದನಿಯಲ್ಲಿ ನನ್ನ ಮೇಲೆ ಒಂದಿಷ್ಟಾದರೂ ಸಿಟ್ಟಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದು ನನಗೆ ಸಹಿಸಲಾಗಲಿಲ್ಲ.

ಮುಂದಿನ ಎಡಬಾಗಿಲು ತೆಗೆದು ನನ್ನ ಪಕ್ಕಕ್ಕೆ ಹತ್ತಿಸಿದೆ. ಕೂತಳು. ಕಿಟಕಿಯ ಕಡೆ ಕತ್ತನ್ನು ಪೂರ್ತಿ ತಿರುಗಿಸಿ ನೋಡಿದಳು, ಮತ್ತೆ ಮುಂದಕ್ಕೆ ತಿರುಗಿದಳು. ಆಮೇಲೆ ಹೇಳಿದಳು:

"ಈ ಕಡೆ ನಂಗೆ ಗೋಡೆ ಕಟ್ಟಿದಂಗೈತೆ ಕಣಲಾ. ಬಲಗಡೆ ಇಂದೆ ಕೂರ್ತೀನಿ. ಅಲ್ಲಾದ್ರೆ ಒಸಿ ಕಾಣ್ತದೆ."

ಇಳಿಸಿ ನನ್ನ ಹಿಂದಿನ ಸೀಟಿಗೆ ಹತ್ತಿಸಿದೆ. ಭಾವ ಅವಳ ಪಕ್ಕ ಕೂತರು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಕನ್ನಡಿಯಲ್ಲಿ ಭಾವ ಕಾಣುತ್ತಿದ್ದರು, ಅಕ್ಕ ಕಾಣುತ್ತಿರಲಿಲ್ಲ, ದನಿ ಮಾತ್ರ ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ಆಪರೇಷನ್ನಿಗೆ ಹೋಗಿ ಬಂದದ್ದು ಬಿಟ್ಟರೆ ಎರಡು ವರ್ಷದ ಮೇಲೆ ಊರು ಬಿಟ್ಟು ಹೊರಟವಳು, ಕಂಡದ್ದನ್ನೆಲ್ಲ ಮಗುವಿನ ಹಾಗೆ ಹೇಳುತ್ತಾ ಬಂದಳು. ಯಾರೋ ಮೋಟಾರಿನ ಶೆಡ್ಡಿಗೆ ಹೊಸ ಶೀಟು ಹಾಕಿಸಿದ್ದಾರೆ. ಹುಣಸೆಮರ ಕಡಿದುಬಿಟ್ಟಿದ್ದಾರೆ. ಶಾಲೆಗೆ ಬಣ್ಣ ಬಳಿದಿದ್ದಾರೆ. ಹೌದೌದು ಎನ್ನುತ್ತಾ ಓಡಿಸಿದೆ. ತೊಪ್ಪೂರಿನ ರಸ್ತೆ ಸಿಗುವವರೆಗೆ ಅವಳು ಹೇಳಿದ್ದರಲ್ಲಿ ಎಡಗಡೆಯದು ಒಂದೂ ಇರಲಿಲ್ಲ. ಮನೆ ಬಿಟ್ಟೊಡನೆ ಎಡಗಡೆ ಸಿಗುವ ಹೊಲದಲ್ಲಿ, ಅವಳೇ ಆ ಮಂಡಿಯಲ್ಲಿ ಕುಂಟುತ್ತಾ ಬಿತ್ತಿದ್ದ ರಾಗಿ ಮೊಣಕಾಲುದ್ದ ಬೆಳೆದು ನಿಂತಿತ್ತು.