ಗಾಳಿಯಲ್ಲಿ ಉಳಿಯುವ ಹಟ

ಬೆಳಿಗ್ಗೆ ಹಿಂದಿನ ಕೋಣೆಯಿಂದ ಥರ್ಮಾಕೋಲ್ ಸುಟ್ಟ ವಾಸನೆ ಬಂತು. ಕೊಟ್ಟೂರಿನ ನಮ್ಮ ಮನೆಯಲ್ಲಿ ಈ ವಾಸನೆಗೆ ಯಾರೂ ಗಾಬರಿಯಾಗುವುದಿಲ್ಲ. ಅಕ್ಕ ಕಾದ ತಂತಿಯಿಂದ ರೆಕ್ಕೆ ಕೊಯ್ಯುತ್ತಿದ್ದಾಳೆ, ಅಷ್ಟೇ. ನಾನು ಮಾತ್ರ ಚಹಾ ಕುಡಿಯುತ್ತ ಕುಡಿಯುತ್ತ ನೆನಪಿನಲ್ಲೇ ಹರಪನಹಳ್ಳಿಯ ಬಯಲಿಗೆ ಹೋಗಿಬಿಟ್ಟೆ. ನೀವೂ ಬನ್ನಿ, ದೂರವೇನಿಲ್ಲ.

ಅಕ್ಕ ಹಡಗಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. ಉಳಿದ ಹೊತ್ತಿನಲ್ಲಿ ಬ್ಯಾಟರಿಯಿಂದ ಹಾರುವ, ರಿಮೋಟಿನಿಂದ ನಡೆಸುವ ಪುಟ್ಟ ವಿಮಾನ ಕಟ್ಟುತ್ತಾಳೆ. ಎಷ್ಟು ಜೋರಾಗಿ ಹೋಯಿತು, ಎಷ್ಟು ಎತ್ತರ ಏರಿತು ಎಂಬುದು ಅವಳಿಗೆ ಬೇಡ. ಎಷ್ಟು ಹೊತ್ತು ಗಾಳಿಯಲ್ಲಿ ಉಳಿಯಿತು, ಅದೊಂದೇ ಲೆಕ್ಕ. ಅಂಥದೇ ಒಂದು ಪಂದ್ಯ ಹರಪನಹಳ್ಳಿಯಲ್ಲಿ ನಡೆದಾಗ ಅವಳ ವಿಮಾನವೇ ಎಲ್ಲರಿಗಿಂತ ಮೊದಲು ನೆಲ ಕಂಡಿತು. "ಮೇಡಂ, ಇದು ವಿಮಾನನೋ ಕೋಳಿನೋ?" ಎಂದು ಯಾರೋ ನಕ್ಕರು. ಅಕ್ಕ ಮನೆಗೆ ಬಂದು, "ಇನ್ನೊಂದ್ಸಲ ಹಿಂಗಾದ್ರ ಈ ಕೆಲ್ಸಾನ ಬಿಡ್ತೀನಿ" ಎಂದಳು. ಅವಳು ಆಡಿದ್ದನ್ನು ಮಾಡುವವಳು. ನನಗೆ ನಿಜಕ್ಕೂ ಭಯವಾಯಿತು.

ಸಹಾಯಕ್ಕೆ ನಾನು ನಿಂತೆ. ನಮ್ಮ ಕಡೆಯವರ ಬುದ್ಧಿ ಗೊತ್ತಲ್ಲ! ಪಕ್ಕದ ಕೂಡ್ಲಿಗಿಗೆ ಹೊರಟರೂ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟದೆ ಹೊಸ್ತಿಲು ದಾಟುವುದಿಲ್ಲ. ದಾರಿ ಉದ್ದವಾದಷ್ಟೂ ಗಂಟು ದಪ್ಪ. ಅದೇ ಧಾಟಿಯಲ್ಲಿ ನಾನು ವಿಮಾನದ ಹೊಟ್ಟೆಗೆ ಬ್ಯಾಟರಿಯ ಮೇಲೆ ಬ್ಯಾಟರಿ ತುಂಬಿದೆ. ಅದು ಹೋಳಿಗೆ ಉಂಡ ಬೀಗರ ಹಾಗೆ ಏದುಸಿರು ಬಿಡುತ್ತ ಎದ್ದು, ಈರುಳ್ಳಿ ಹೊಲದಲ್ಲಿ ಕುಳಿತೇಬಿಟ್ಟಿತು.

"ಲೇ ತಮ್ಮಾ, ಬುತ್ತಿ ಹೊರಾಕ ಬುತ್ತಿನ ಖಾಲಿ ಆದ್ರ ಊರು ಮುಟ್ಟೋದು ಯಾವಾಗ?" ಎನ್ನುತ್ತ ಅಕ್ಕ ಅರ್ಧ ಬ್ಯಾಟರಿ ಕಿತ್ತಳು. ರೆಕ್ಕೆಯನ್ನು ಉದ್ದಕ್ಕೆ, ಸಪೂರಕ್ಕೆ ಕೊಯ್ದಳು. ಮೂತಿಗೆ ನಿಧಾನ ತಿರುಗುವ ದೊಡ್ಡ ಫ್ಯಾನು ಕೂಡಿಸಿದಳು. ಚಂದಕ್ಕೆಂದು ನಾನು ಬಳಿದಿದ್ದ ಕೆಂಪು ಬಣ್ಣವನ್ನೂ ಭಾರವೆಂದು ಕೆರೆದು ತೆಗೆದಳು. ಆಗ ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮರುವರ್ಷದ ಪಂದ್ಯದಲ್ಲಿ ಉಳಿದವರ ವಿಮಾನಗಳು ಭರ್ರನೆ ಹೋದವು. ನಮ್ಮದು ಮೇಯಲು ಹೊರಟ ಎಮ್ಮೆಯ ಹಾಗೆ ಹೊರಟಿತು.

"ಅಕ್ಕಾ, ಸ್ವಲ್ಪ ಜೋರು ಬಿಡು, ಮಾನ ಹೋಗಾಕತ್ತೈತಿ!"

"ಬಾಯಿ ಮುಚ್ಚು. ಇದಕ್ಕಿಂತ ಜೋರು ಹೋದ್ರೂ ಬ್ಯಾಟರಿ ತಿಂತೈತಿ, ಇದಕ್ಕಿಂತ ನಿಧಾನ ಹೋದ್ರೂ ಬೀಳದಂಗ ಎತ್ತಿ ಹಿಡಿಯಾಕ ತಿಂತೈತಿ."

ಒಂದೊಂದಾಗಿ ಎಲ್ಲವೂ ಇಳಿದವು. ಕೊನೆಗೆ ದಾವಣಗೆರೆಯಿಂದ ಬಂದಿದ್ದ ತಂಡದ್ದೂ ಇಳಿಯಿತು. ಆಕಾಶದಲ್ಲಿ ನಮ್ಮದೊಂದೇ! ನಾನು ವಯಸ್ಸು ಮರೆತು ಕುಣಿದೆ. ಹಸಿದಿದ್ದ ತೀರ್ಪುಗಾರರು ಹತ್ತಿರ ಬಂದು, "ಗೆದ್ದೀರಿ ಮೇಡಂ. ಇನ್ನ ಇಳಸ್ರಿ, ಊಟ ಆರಾಕತ್ತೈತಿ" ಎಂದರು.

ಅಕ್ಕ ಕಣ್ಣು ಕೆಳಗಿಳಿಸಲಿಲ್ಲ. "ಗೆದ್ದದ್ದು ಗೊತ್ತಾತ್ರಿ. ಎಷ್ಟೊತ್ತು ಹಾರ್ತೈತಿ ಅನ್ನೋದು ಇನ್ನೂ ಗೊತ್ತಾಗಿಲ್ಲಲ್ಲ!"

ಅವರು ಉಂಡು, ಎಲೆ ಅಡಿಕೆ ಹಾಕಿಕೊಂಡು ಬಂದರು. ಅದು ಇನ್ನೂ ಹಾರುತ್ತಲೇ ಇತ್ತು.

ಚಹಾ ಮುಗಿಸಿ ಕೋಣೆಗೆ ಹೋಗಿ ನೋಡಿದೆ. ಈ ಸಲದ ರೆಕ್ಕೆ ಗೋಡೆಯಿಂದ ಗೋಡೆಗೆ ಮುಟ್ಟಿದೆ.

"ಅಕ್ಕಾ, ಇದು ಬಾಗಲದಾಗ ಹಿಡಿಸಂಗಿಲ್ಲ."

"ಬಾಗಲಾ ಒಡಿಯೋಣು" ಎಂದಳು.

ನಾನು ಸುತ್ತಿಗೆ ಹುಡುಕಲು ಹೊರಟೆ.